ಕಜ್ಜಾಯದ ಪಾಕ, ಬಿ.ಇಡಿ. ಅರ್ಜಿ

ನಮ್ಮ ಹಿಂದೂಪುರದ ಕಡೆ ದೀಪಾವಳಿ ಅಂದರೆ ಪಟಾಕಿಗಿಂತ ಮೊದಲು ನೆನಪಾಗೋದು ಕಜ್ಜಾಯ. ನೋಮು ಇರುವ ಮನೆಗಳಲ್ಲಂತೂ ಅದು ಬರೀ ತಿಂಡಿ ಅಲ್ಲ, ಕೇದಾರೇಶ್ವರನ ವ್ರತದ ಒಂದು ಭಾಗ. 21 ಎಳೆಯ ದಾರ, 21 ಕಜ್ಜಾಯ. ಕೋಸ್ತಾ ಕಡೆಯವರು ಇದನ್ನೇ ಅರಿಸೆಲು ಅಂತ ಕರೆದು ಸಂಕ್ರಾಂತಿಗೆ ಮಾಡ್ತಾರೆ, ತಮಿಳರು ಅದಿರಸ ಅಂತಾರೆ, ಮರಾಠಿಯವರ ಅನಾರಸೆಯೂ ಇದರ ಬಂಧುವೇ. ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಊರು ನಮ್ಮದು, ಹಾಗಾಗಿ ಕಜ್ಜಾಯದ ವಿಷಯದಲ್ಲಿ ನಮಗೆ ಸ್ವಲ್ಪ ಜಂಬ ಜಾಸ್ತಿ ಅನ್ನಿ.

ಆದರೆ ಈ ಸಲ ನಾನು ಬರೆಯಹೊರಟಿರೋದು ಕಜ್ಜಾಯ ಮಾಡುವ ವಿಧಾನ ಅಲ್ಲ (ಅದೂ ಸ್ವಲ್ಪ ಬರುತ್ತೆ, ತಾಳಿ). ಮನೆಯಲ್ಲಿ ಮದುವೆಯಾದ ಹುಡುಗ ಹುಡುಗಿ ಇಬ್ಬರಿಗೂ ಡಿಗ್ರಿ ಆದ ಮೇಲೆ ಮುಂದೆ ಓದುವ ಆಸೆ ಇದೆ, ದುಡ್ಡು ಮಾತ್ರ ಒಬ್ಬರಿಗೆ ಆಗುವಷ್ಟಿದೆ. ಆಗ ಯಾರು ಮೊದಲು ಓದಬೇಕು? ನಮ್ಮ ಮನೆಗಳಲ್ಲಿ ಇದನ್ನು ಯಾರೂ ಪ್ರಶ್ನೆ ಅಂತಲೇ ಅಂದುಕೊಳ್ಳೋದಿಲ್ಲ. ಉತ್ತರ ಮೊದಲೇ ಗೊತ್ತಿರುತ್ತೆ. ಅವನು ಮೊದಲು, ಅವಳು 'ಆಮೇಲೆ'. ನನ್ನ ಪ್ರಕಾರ ನಮ್ಮ ಗಡಿಯ ಕನ್ನಡ ಶಾಲೆಗಳ ಮಟ್ಟಿಗೆ ಈ ಉತ್ತರ ತಪ್ಪು. ಅವಳು ಮೊದಲು ಓದಬೇಕು, ಕೊನೇ ಪಕ್ಷ ಜೊತೆಯಲ್ಲೇ ಓದಬೇಕು.

ನಮ್ಮಲ್ಲಿ ಓದಿದ ಹುಡುಗನೊಬ್ಬ ಅಮರಾಪುರಂ ಕಡೆಯವನು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಿಂದೂಪುರದಲ್ಲಿ ಬಿ.ಎ. ಈಗ ತುಮುಕುಂಟದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೆಂಡತಿ ಮಧುಗಿರಿ ಕಡೆಯ ಹುಡುಗಿ, ಅವಳದೂ ಬಿ.ಎ., ಐಚ್ಛಿಕ ಕನ್ನಡ ತಗೊಂಡವಳು. ಅಂಕ ಅವಳದೇ ಜಾಸ್ತಿ. ಇಬ್ಬರಿಗೂ ಎಂ.ಎ., ಬಿ.ಇಡಿ. ಮಾಡಿ ಮೇಷ್ಟ್ರಾಗುವ ಆಸೆ. ಅವರ ಮನೆಯಲ್ಲಿ ನೋಮು ಇದೆ, ಕಜ್ಜಾಯ ಇದೆ, ಹಬ್ಬಕ್ಕೆ ಬರುವ ಇಬ್ಬರು ನಾದಿನಿಯರು, ಅವರ ಮಕ್ಕಳು ಎಲ್ಲಾ ಇದ್ದಾರೆ. ಹುಡುಗನ ತಾಯಿ ಕೆಟ್ಟವರಲ್ಲ, ಸೊಸೆಯನ್ನು ಚೆನ್ನಾಗಿಯೇ ನೋಡಿಕೊಳ್ತಾರೆ. ಅವರು ನನಗೆ ಹೇಳಿದ್ದು ಇಷ್ಟು: "ಮೇಷ್ಟ್ರೇ, ಓದ್ಬ್ಯಾಡ ಅಂತ ನಾನೆಲ್ಲಿ ಅಂದೆ? ಅವನದು ಮುಗೀಲಿ, ಆಮೇಲೆ ಅವಳೂ ಓದ್ಲಿ. ಇಬ್ರೂ ಪುಸ್ತಕ ಹಿಡ್ಕಂಡು ಕೂತ್ರೆ ಮನೆ ನೋಡೋರ್ಯಾರು?"

ಈ ಮಾತನ್ನು ತಳ್ಳಿ ಹಾಕೋಕೆ ಆಗೋಲ್ಲ, ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಎಂ.ಎ. 2 ವರ್ಷ. ಬಿ.ಇಡಿ. ನಮ್ಮ ಕಾಲದಲ್ಲಿ ಒಂದೇ ವರ್ಷ ಇತ್ತು, 2015ರಿಂದ ಅದೂ 2 ವರ್ಷ. ಅಲ್ಲಿಗೆ ಅವನಿಗೆ 4 ವರ್ಷ. ಅವನದು ಮುಗಿದು ಕೆಲಸ ಸಿಕ್ಕುವವರೆಗೆ ಇನ್ನೆಷ್ಟು ಹಬ್ಬ ಬರುತ್ತೋ, ಅಷ್ಟರಲ್ಲಿ ಒಂದೋ ಎರಡೋ ಮಕ್ಕಳು. 'ಆಮೇಲೆ' ಅನ್ನೋದು ಮಧ್ಯಾಹ್ನದ ಹೊತ್ತು ಕಾಣುವ ನಕ್ಷತ್ರದ ಹಾಗೆ. ಇದೆ ಅಂತ ಎಲ್ಲರೂ ಹೇಳ್ತಾರೆ, ಕಂಡವರಿಲ್ಲ. ಡಿಗ್ರಿ ಮುಗಿಸಿ ಮದುವೆಯಾಗಿ, 'ಆಮೇಲೆ ಓದ್ತೀನಿ ಸಾರ್' ಅಂತ ಹೇಳಿ ಹೋದ ಹೆಣ್ಣುಮಕ್ಕಳನ್ನು ಮೇಷ್ಟ್ರ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಬೆರಳು ಮಡಚಿ ಎಣಿಸ್ತಾರೆ. ಆಮೇಲೆ ಓದಿದವರನ್ನು ಎಣಿಸೋಕೆ ಒಂದು ಕೈ ಸಾಕು.

ಈ ಮನೆಯಲ್ಲಿ ಇನ್ನೊಂದು ವಾದವೂ ಬಂತು. ಅದು ಹುಡುಗನ ಮಾವನದು (ತಾಯಿಯ ತಮ್ಮ). "ಅವಳು ನಾನ್ ಲೋಕಲ್ಲು, ಅವಳಿಗೆ ಬಿ.ಇಡಿ. ಮಾಡಿಸಿ ಏನ್ ಪ್ರಯೋಜನ?" ಗಡಿಯಲ್ಲಿರುವ ನಮಗೆಲ್ಲಾ ಗೊತ್ತಿರುವ ಮಾತೇ ಇದು. ನಮ್ಮಲ್ಲಿ ಹೆಣ್ಣು ಕೊಡೋದು ತರೋದು ಗಡಿ ನೋಡೋದಿಲ್ಲ. ಮಡಕಶಿರಾ, ರೊಳ್ಳ, ಅಗಳಿಯವರು ಶಿರಾ, ಮಧುಗಿರಿ, ಪಾವಗಡದಿಂದ ತರ್ತಾರೆ, ಅಲ್ಲಿಗೆ ಕೊಡ್ತಾರೆ. ರಾಯದುರ್ಗ, ಕಲ್ಯಾಣದುರ್ಗದವರಿಗೆ ಬಳ್ಳಾರಿ, ಚಳ್ಳಕೆರೆ. ಆದರೆ ಸರ್ಟಿಫಿಕೇಟು ಗಡಿ ನೋಡುತ್ತೆ. 1975ರ ರಾಷ್ಟ್ರಪತಿ ಆದೇಶದ ಪ್ರಕಾರ ಆಂಧ್ರದ ಸರ್ಕಾರಿ ಕೆಲಸಕ್ಕೆ 'ಸ್ಥಳೀಯ' ಅನ್ನಿಸಿಕೊಳ್ಳಬೇಕಾದರೆ ಹತ್ತನೇ ತರಗತಿ ಪರೀಕ್ಷೆಗೆ ಮೊದಲ ಸಲ ಕೂತ ವರ್ಷಕ್ಕೆ ಮುಗಿಯುವ ಹಾಗೆ ಸತತ 4 ವರ್ಷ ಇಲ್ಲಿಯೇ ಓದಿರಬೇಕು. ಮಧುಗಿರಿಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ ಹುಡುಗಿ ಅಮರಾಪುರಂ ಸೊಸೆಯಾದರೂ ಆ ಲೆಕ್ಕದಲ್ಲಿ ಹೊರಗಿನವಳೇ. 2025ರ ಮೆಗಾ ಡಿ.ಎಸ್.ಸಿ.ಯಲ್ಲಿ ಜಿಲ್ಲೆಯ ಮೇಷ್ಟ್ರ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ, ಉಳಿದ 20 ಎಲ್ಲರಿಗೂ.

ಮಾವನ ಲೆಕ್ಕ ಇಲ್ಲಿಗೆ ನಿಂತಿತು. ಪೂರ್ತಿ ಮಾಡಿದರೆ ಬೇರೆಯೇ ಆಗುತ್ತೆ. ಒಂದು, ಆ 20ರಲ್ಲಿ ಅಂಕವೇ ಮಾತಾಡೋದು, ಮತ್ತು ಅಂಕ ಅವಳದೇ ಜಾಸ್ತಿ. ಎರಡು, ಇಲ್ಲಿ ಹೊರಗಿನವಳಾದ ಅವಳು ಗಡಿಯ ಆಚೆ ಹೊರಗಿನವಳಲ್ಲ. ಕರ್ನಾಟಕದಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವರಿಗೆ ಸರ್ಕಾರಿ ಕೆಲಸದಲ್ಲಿ ಕನ್ನಡ ಮಾಧ್ಯಮದ ಮೀಸಲಾತಿಯೂ ಇದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಎಷ್ಟೋ ಶಾಲೆಗಳು ನಮ್ಮ ಊರುಗಳಿಂದ ಬಸ್ಸಿನ ದಾರಿ ಅಷ್ಟೇ. ಅವನಿಗೆ ಒಂದು ರಾಜ್ಯದ ಬಾಗಿಲು ಚೆನ್ನಾಗಿ ತೆರೆದಿದ್ದರೆ ಅವಳಿಗೆ ಇನ್ನೊಂದು ರಾಜ್ಯದ್ದು ಪೂರ್ತಿ, ಇಲ್ಲಿಯದು ಅರೆ. ಮನೆಗೆ ಇದರಿಂದ ಲಾಭವೇ ಹೊರತು ನಷ್ಟ ಎಲ್ಲಿದೆ? ಅಂದ ಹಾಗೆ ಹುಡುಗರಿಗೆ ಒಂದು ಮಾತು. ಮುಂದಿನ ಓದಿಗೆ ತುಮಕೂರಿಗೋ ಬೆಂಗಳೂರಿಗೋ ಹೋದರೆ ಕೆಲಸಕ್ಕೆ ಸ್ಥಳೀಯತೆ ಹೋಗಿಬಿಡುತ್ತೆ ಅಂತ ಹೆದರುವವರಿದ್ದಾರೆ. ಕೆಲಸದ ಸ್ಥಳೀಯತೆ ಹತ್ತನೇ ತರಗತಿಯ ಓದಿನ ಮೇಲೆ ನಿಂತಿರೋದು, ಎಂ.ಎ. ಎಲ್ಲಿ ಮಾಡಿದೆ ಅನ್ನುವುದರ ಮೇಲೆ ಅಲ್ಲ. ಕಾಲೇಜು ಸೀಟಿನ ಸ್ಥಳೀಯತೆ ಬೇರೆ. ಅದಕ್ಕೆ 1974ರ ಆದೇಶ, ಅಲ್ಲಿ ಅರ್ಹತಾ ಪರೀಕ್ಷೆಗೆ ಮುಂಚಿನ ವರ್ಷಗಳನ್ನು ನೋಡ್ತಾರೆ. ಎರಡನ್ನೂ ಕಲಸಿಕೊಂಡು ಎಷ್ಟೋ ಜನ ಮನೆಯಲ್ಲೇ ಕೂತಿದ್ದಾರೆ. ನಿಯಮ ಬದಲಾಗ್ತಾ ಇರುತ್ತೆ, ಆಯಾ ವರ್ಷದ ಅಧಿಸೂಚನೆ ಓದದೆ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ.

ಈಗ ಅಡುಗೆಮನೆಗೆ ಬರೋಣ. "ಹಬ್ಬದ ಅಡುಗೆ ಏನು ಮಹಾ, ವರ್ಷಕ್ಕೆ ನಾಲ್ಕು ದಿನ" ಅನ್ನುವ ಗಂಡಸರಿಗೋಸ್ಕರ ಕಜ್ಜಾಯದ ಕಥೆ ಹೇಳಬೇಕು. ಅಕ್ಕಿಯನ್ನು ಹಿಂದಿನ ದಿನವೇ ನೆನೆ ಹಾಕಬೇಕು. ನೀರು ಬಸಿದು, ಪಂಚೆಯ ಮೇಲೆ ಹರವಿ, ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಹಾಕಿದರೆ ಕೆಟ್ಟಿತು. ಪೂರ್ತಿ ಒಣಗಬಾರದು, ಕೈಯಲ್ಲಿ ಹಿಡಿದರೆ ತಣ್ಣಗೆ ತೇವ ಇರಬೇಕು. ಆ ಹೊತ್ತಿಗೆ ಸರಿಯಾಗಿ ಹಿಟ್ಟು ಮಾಡಿಸಬೇಕು. ಹಬ್ಬದ ಸಮಯ ಗಿರಣಿಯಲ್ಲಿ ಸಾಲು ಇರುತ್ತೆ, ನಮ್ಮ ಅಕ್ಕಿಯ ತೇವ ಯಾರಿಗೂ ಕಾಯೋಲ್ಲ. ಆಮೇಲೆ ಜರಡಿ. ಆಮೇಲೆ ಪಾಕ. ಬೆಲ್ಲ ಕರಗಿಸಿ, ಶೋಧಿಸಿ, ಮತ್ತೆ ಒಲೆಗೆ ಇಟ್ಟು, ಬಟ್ಟಲು ನೀರಿಗೆ ಒಂದು ತೊಟ್ಟು ಬಿಟ್ಟು ನೋಡಬೇಕು. ಬೆರಳಲ್ಲಿ ಉರುಟಿದರೆ ಮೆತ್ತನೆ ಉಂಡೆ ಬರಬೇಕು. ಒಂದು ನಿಮಿಷ ಜಾಸ್ತಿಯಾದರೆ ಕಜ್ಜಾಯ ಕಲ್ಲು, ಕಡಿಮೆಯಾದರೆ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡು ಹೋಗುತ್ತೆ. ಹಿಟ್ಟು ಸುರಿದು ಕೈ ಬಿಡದೆ ತಿರುವಬೇಕು, ಮುಚ್ಚಿ ಒಂದು ದಿನವಾದರೂ ಇಡಬೇಕು. ಮಾರನೇ ದಿನ ಬಾಳೆಲೆಯ ಮೇಲೆ ಗಸಗಸೆ ಉದುರಿಸಿ ತಟ್ಟಿ, ಹದ ಉರಿಯಲ್ಲಿ ಬೇಯಿಸಿ, ಎತ್ತಿ, ಎರಡು ಜಾಲರಿ ಸೌಟಿನ ಮಧ್ಯೆ ಒತ್ತಿ ಎಣ್ಣೆ ಇಳಿಸಬೇಕು. ಒಂದೊಂದಕ್ಕೂ ಹೀಗೆ. ನೋಮಿಗೆ 21 ಅಂದರೂ ಮನೆಗೆ, ನಾದಿನಿಯರಿಗೆ, ಅಕ್ಕಪಕ್ಕಕ್ಕೆ ಅಂತ ನೂರು ದಾಟುತ್ತೆ. ಜೊತೆಗೆ ಮಡಿ.

ಇದು ಮೂರು ದಿನದ ಕೆಲಸ. ಇದಕ್ಕೆ ಮುಂಚೆ ಮನೆ ತೊಳೆಯೋದು, ಪಾತ್ರೆ ಇಳಿಸಿ ಉಜ್ಜೋದು, ಆಮೇಲೆ ಬಂದವರಿಗೆ ಬಡಿಸೋದು, ಅವರು ಹೋದ ಮೇಲೆ ಬಟ್ಟೆ ಒಗೆಯೋದು ಸೇರಿಸಿದರೆ ವಾರ. ಯುಗಾದಿಗೆ ಬೇಳೆ ಬೇಯಿಸಿ, ಕಟ್ಟು ಬಸಿದು ಸಾರಿಗೆ ಎತ್ತಿಟ್ಟು, ಹೂರಣ ರುಬ್ಬಿ, ಕಣಕ ನಾದಿ ಒಬ್ಬಟ್ಟು (ನಮ್ಮ ಕಡೆ ತೆಲುಗಿನವರ ಬಾಯಲ್ಲೂ ಅದು ಓಳಿಗೆ). ಮಾರನೇ ದಿನ ಹೊಸತೊಡಕು, ಮಾಂಸದ ಅಡುಗೆ, ಅದಕ್ಕೆ ಇನ್ನಷ್ಟು ನೆಂಟರು. ಶ್ರಾವಣದಿಂದ ಶುರುವಾದರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ಪಿತೃಪಕ್ಷ, ದಸರಾ, ದೀಪಾವಳಿ. ನಾಲ್ಕು ದಿನ ಎಲ್ಲಿಂದ ಬಂತು?

ಹಬ್ಬ ಬಿಡಿ, ಮಾಮೂಲಿ ದಿನದ ಲೆಕ್ಕವನ್ನು ಸರ್ಕಾರವೇ ಮಾಡಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ. ಅದೇ ಕೆಲಸ ಮಾಡ್ತೀವಿ ಅಂದ ಗಂಡಸರದು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಅವರಿಗೆ ಹತ್ತು ನಿಮಿಷ ಉಳಿಯಿತು, ನಾವು ಗಂಡಸರು ಇದ್ದುದರಲ್ಲೇ ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡೆವು! ಮಿಕ್ಸಿ, ಗ್ಯಾಸು, ವಾಷಿಂಗ್ ಮೆಷಿನ್ ಬಂದಿದ್ದರ ಲಾಭವನ್ನು ನಾವೂ ಸಮನಾಗಿ ಹಂಚಿಕೊಂಡಿದ್ದೇವೆ ಅಂತ ಬೇಕಾದರೆ ಹೆಮ್ಮೆ ಪಡಬಹುದು.

ಬಿ.ಇಡಿ.ಗೆ ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಅದು ಮನೆಯಲ್ಲಿ ಕೂತು ಓದಿ ಪರೀಕ್ಷೆ ಬರೆದು ಬರುವ ಕೋರ್ಸಲ್ಲ. ಎನ್.ಸಿ.ಟಿ.ಇ.ಯ 2014ರ ನಿಯಮಾವಳಿಯ ಪ್ರಕಾರ ತರಗತಿಗೆ ನೂರಕ್ಕೆ 80, ಶಾಲಾ ಅಭ್ಯಾಸಕ್ಕೆ ನೂರಕ್ಕೆ 90 ಹಾಜರಿ ಬೇಕು. "ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬಂದ್ಬಿಡಮ್ಮ, ಮುಗಿಸಿಕೊಂಡು ಎರಡು ದಿನ ಬಿಟ್ಟು ಹೋಗು" ಅಂತ ಪ್ರೀತಿಯಿಂದಲೇ ಹೇಳುವ ಮಾತು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಯಾಗುತ್ತೆ. ಗಂಡು ಹುಡುಗ ಹಬ್ಬದ ಹಿಂದಿನ ರಾತ್ರಿಯ ರೈಲಿಗೆ ಬಂದು, ಸ್ನಾನ ಮಾಡಿ, ಪೂಜೆಗೆ ಕೂತು, ಉಂಡು, ಸಂಜೆ ಹೊರಡಬಹುದು. ಸೊಸೆ ಹಾಗೆ ಬಂದರೆ ಅದು ವರ್ಷವಿಡೀ ಆಡಿಕೊಳ್ಳುವ ಮಾತು.

ಗಡಿಯಲ್ಲಿರೋದರಿಂದ ಇನ್ನೊಂದು ತೊಡಕಿದೆ. ಆಂಧ್ರದ ಶಾಲೆಗಳಲ್ಲಿ ಸಂಕ್ರಾಂತಿಗೆ ಹತ್ತು ದಿನದ ಆಸುಪಾಸು ರಜ, ಕರ್ನಾಟಕದಲ್ಲಿ ಸಂಕ್ರಾಂತಿ ಅಂದರೆ ಒಂದು ದಿನ. ಅಲ್ಲಿ ದಸರಾ ರಜವೇ ದೊಡ್ಡದು. ಗಂಡ ಇಲ್ಲಿ, ಹೆಂಡತಿ ಅಲ್ಲಿ ಅಭ್ಯಾಸ ಪಾಠ ಮಾಡುವ ಹಾಗಾದರೆ ಅವನಿಗೆ ರಜ ಇದ್ದಾಗ ಅವಳಿಗಿಲ್ಲ. ಇದನ್ನು ಕಷ್ಟ ಅಂತ ಎಲ್ಲರೂ ಹೇಳ್ತಾರೆ. ನನಗೆ ಇದೊಂದು ಅನುಕೂಲ ಅನಿಸುತ್ತೆ. ಸಂಕ್ರಾಂತಿಗೆ ರಜ ಇರುವವನು ಅವನು ತಾನೇ? ಎಳ್ಳು ಹುರಿಯೋದು, ಕೊಬ್ಬರಿ ಹೆಚ್ಚೋದು, ಬೆಲ್ಲ ಕತ್ತರಿಸೋದು, ಕಡಲೆಕಾಯಿ ಬೀಜದ ಸಿಪ್ಪೆ ತೂರೋದು ಅವನೇ ಮಾಡಲಿ. ಮದುವೆ ಮನೆಗಳಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವ ಭಟ್ಟರು ಗಂಡಸರೇ ಅಲ್ಲವೇ? ಕೂಲಿ ಇದ್ದರೆ ಬರುವ ಕೈಚಳಕ ಮನೆಗೆ ಬಂದ ಕೂಡಲೇ ಎಲ್ಲಿ ಹೋಗುತ್ತೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ನಮ್ಮ ಕಡೆಯವರು ಓದಿಗೆ ಗಡಿ ದಾಟೋದು ಹೊಸದೇನಲ್ಲ. ಕಲ್ಯಾಣದುರ್ಗದ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿಗೆ ಹೋಗಿ ಪರಕಾಲ ಮಠದಲ್ಲಿ ಸಂಸ್ಕೃತ ಕಲಿತರು, ಮಹಾರಾಜಾ ಕಾಲೇಜಿನಲ್ಲಿ 38 ವರ್ಷ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು, ಸಂಗೀತದಲ್ಲಿ ದೊಡ್ಡ ಹೆಸರು. ಎರಡು ಭಾಷೆಯವರೂ ನಮ್ಮವರು ಅಂತ ಹೇಳಿಕೊಳ್ಳುವ ದೊಡ್ಡ ಮನುಷ್ಯರು. ಆಗ ಅನಂತಪುರ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು, ಮೈಸೂರು ಅರಸರ ನಾಡು. ಗಡಿ ಆಗಲೂ ಇತ್ತು. ಅಂಥವರ ಹೆಸರು ಹೇಳಿ ಗಂಡುಮಕ್ಕಳನ್ನು ಹುರಿದುಂಬಿಸ್ತೀವಿ. ಹಬ್ಬದ ದಿನ ಅವರ ಮನೆಯಲ್ಲಿ ಹೂರಣ ಯಾರು ರುಬ್ಬಿದರು ಅಂತ ನಾವ್ಯಾರೂ ಕೇಳೋದಿಲ್ಲ. ಹೆಣ್ಣುಮಗಳು ಓದ್ತೀನಿ ಅಂದಾಗ ಮೊದಲು ಬರುವ ಪ್ರಶ್ನೆಯೇ ಅದು. ಇತ್ತ ಸರ್ಕಾರ 2024ರಲ್ಲಿ ನಮ್ಮ ಶಾಲೆಗಳ ಬಿಸಿಯೂಟಕ್ಕೆ ಡೊಕ್ಕಾ ಸೀತಮ್ಮನವರ ಹೆಸರಿಟ್ಟಿತು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಬಡಿಸಿದ ಆ ಮಹಾತಾಯಿಗೆ ಅದು ಸಲ್ಲಬೇಕಾದ ಗೌರವವೇ. ಆದರೆ ನಮ್ಮಲ್ಲಿ ಹೆಣ್ಣಿನ ಹೆಸರು ಹೆಚ್ಚಾಗಿ ಉಳಿಯೋದು ಅನ್ನ ಇಕ್ಕಿದ್ದಕ್ಕೆ ಅನ್ನೋದನ್ನೂ ಗಮನಿಸಿ.

ಆನಂದಿಬಾಯಿ ಜೋಶಿಯವರ ಕಥೆಯನ್ನು ಕೆಲವರು ಎದುರು ಹಿಡೀತಾರೆ. ಗಂಡ ಗೋಪಾಲರಾವ್ ಹೆಂಡತಿಯನ್ನು ಓದಿಸಲೇಬೇಕು ಅಂತ ಹಟ ಹಿಡಿದವರು. ಪುಸ್ತಕ ಬಿಟ್ಟು ಅಡುಗೆಮನೆಗೆ ಹೋದಳು ಅಂತ ಹೊಡೆದರಂತೆ. 1886ರಲ್ಲಿ ಆಕೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದರು, 1887ರಲ್ಲಿ 21 ವರ್ಷಕ್ಕೆ ತೀರಿಕೊಂಡರು. ಅಡುಗೆ ಮಾಡು ಅಂತ ಒತ್ತಾಯ ಮಾಡೋದು ಹೇಗೋ ಓದು ಅಂತ ಹೊಡೆಯೋದೂ ಹಾಗೇ. ನಾನು ಹೇಳ್ತಿರೋದು ಅದಲ್ಲ. ಅಮರಾಪುರಂ ಹುಡುಗಿಗೆ ಕಜ್ಜಾಯ ಮಾಡೋದು ಇಷ್ಟ, ಅತ್ತೆಯಿಂದ ಪಾಕದ ಹದ ಕಲಿತದ್ದನ್ನು ಹೆಮ್ಮೆಯಿಂದ ಹೇಳ್ತಾಳೆ. ಅವಳಿಗೆ ಎರಡೂ ಬೇಕು. ಎರಡೂ ಬೇಕು ಅನ್ನುವ ಗಂಡಸನ್ನು ನಾವು ಜಾಣ ಅಂತೀವಿ, ಹೆಂಗಸಾದರೆ ದುರಾಸೆ.

"ಅಂಗಡಿಯಿಂದ ತಂದರಾಯ್ತು ಬಿಡಿ ಸಾರ್, ಈಗ ಒಬ್ಬಟ್ಟಿನ ಅಂಗಡಿಗಳು ಬೇಕಾದಷ್ಟಿವೆ" ಅಂತ ಒಬ್ಬ ಸ್ನೇಹಿತರು ಅಂದರು. ಇದು ನನಗೆ ಒಪ್ಪಿಗೆ ಇಲ್ಲ. ದುಡ್ಡಿನ ಮಾತು ಬಿಡಿ. ಆ ಅತ್ತೆಯ ಕೈಯಲ್ಲಿರುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸದ್ದು. ಐವತ್ತು ವರ್ಷದ ಅನುಭವದಲ್ಲಿ ಬೆರಳ ತುದಿಗೆ ಬಂದ ಲೆಕ್ಕ ಅದು. ಊರಲ್ಲಿ, ನೆಂಟರಲ್ಲಿ ಅವರಿಗಿರುವ ಮರ್ಯಾದೆಯೂ ಅದರಿಂದಲೇ ಬಂದದ್ದು. ಸೊಸೆ ಓದೋಕೆ ಹೋಗ್ತಾಳೆ, ನೀವಿನ್ನು ಅಂಗಡಿಯದು ತಿನ್ನಿ ಅಂದರೆ ಅವರ ಕೈಯಿಂದ ಅದನ್ನು ಕಿತ್ತುಕೊಂಡ ಹಾಗಾಗುತ್ತೆ. ಆಗ ಅವರು ಓದಿಗೇ ವಿರೋಧಿ ಆಗ್ತಾರೆ, ಮತ್ತು ಅದರಲ್ಲಿ ಅವರ ತಪ್ಪೂ ಇರೋದಿಲ್ಲ. ಕಜ್ಜಾಯ ಮನೆಯಲ್ಲೇ ಆಗಲಿ. ಅತ್ತೆ ಪಾಕ ನೋಡಲಿ. ಅಕ್ಕಿ ಬಸಿಯೋದು, ಗಿರಣಿ ಸಾಲಲ್ಲಿ ನಿಲ್ಲೋದು, ಹಿಟ್ಟು ತಿರುವೋದು (ಅದಕ್ಕೆ ನಿಜವಾಗಿ ಬೇಕಾಗಿರೋದು ತೋಳಿನ ಬಲ), ಎಣ್ಣೆಯ ಮುಂದೆ ಕೂರೋದು ಮಗನದಾಗಲಿ. ಹಬ್ಬಕ್ಕೆ ಬರುವ ನಾದಿನಿಯರು ಅಂದು ಬೆಳಿಗ್ಗೆ ಬರುವ ಬದಲು ಹಿಂದಿನ ದಿನ ಬರಲಿ. ಅವರೂ ಆ ಮನೆಯಲ್ಲೇ ಕಲಿತವರು. ಮೂರು ದಿನದ ಕೆಲಸದಲ್ಲಿ ಸೊಸೆಗೆ ಒಂದು ದಿನದ್ದು ಸಿಕ್ಕಿದರೆ ಅವಳು ಸಂತೋಷವಾಗಿಯೇ ತಟ್ಟುತ್ತಾಳೆ.

ಇಷ್ಟೆಲ್ಲಾ ಯಾಕೆ ಹಟ ಹಿಡಿದು ಹೇಳ್ತಿದೀನಿ ಅಂದರೆ, ಇದು ಒಂದು ಮನೆಯ ವಿಷಯವಾಗಿ ಉಳಿದಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಬಂದವು. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗ ಮೊದಲಿಂದಲೂ ಅನಂತಪುರ ಜಿಲ್ಲೆ (2022ರಿಂದ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ). ಈ ಊರುಗಳ ಕನ್ನಡ ಶಾಲೆಗಳು ಇಷ್ಟು ವರ್ಷ ಉಳಿದು ಬಂದದ್ದು ಕನ್ನಡ ಬಲ್ಲ ಮೇಷ್ಟ್ರುಗಳಿಂದ. ಡಿ.ಎಸ್.ಸಿ.ಯಲ್ಲಿ ಕನ್ನಡದ ಹುದ್ದೆಗಳು ಬರುತ್ತವೆ, ಟೆಟ್ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಬರೆಯುವ ಅವಕಾಶವೂ ಇದೆ. ಆದರೆ ಯಾವಾಗ ಬರುತ್ತವೆ? 2018ರಲ್ಲಿ ಒಂದು ಡಿ.ಎಸ್.ಸಿ. ಆಯಿತು. ಮತ್ತೆ ಪರೀಕ್ಷೆ ನಡೆದದ್ದು 2025ರಲ್ಲಿ, ಒಟ್ಟು 16,347 ಹುದ್ದೆಗೆ. ಮಧ್ಯೆ ಏಳು ವರ್ಷ. 2018ರಲ್ಲಿ ಡಿಗ್ರಿ ಮುಗಿಸಿ 'ಅವನದು ಮುಗೀಲಿ' ಅಂತ ಕಾದ ಹುಡುಗಿ 2025ರಲ್ಲಿ ಬಿ.ಇಡಿ. ಇಲ್ಲದೆ ಅರ್ಜಿ ಹಾಕೋ ಹಾಗೇ ಇರಲಿಲ್ಲ. ಮುಂದಿನದು ಯಾವಾಗ ಬಂದರೂ ಆ ದಿನ ಕೈಯಲ್ಲಿ ಸರ್ಟಿಫಿಕೇಟು ಇರಬೇಕು. ಬಂದ ಮೇಲೆ ಓದೋಕೆ ಶುರು ಮಾಡೋದು ಬಾವಿ ತೋಡಿ ಬೆಂಕಿ ಆರಿಸಿದ ಹಾಗೆ.

ಇನ್ನೊಂದು ಮುಖವೂ ಇದೆ, ಇದು ನಾನು ಕಂಡದ್ದು. ಗಂಡಸು ಎಂ.ಎ., ಬಿ.ಇಡಿ. ಮುಗಿಸಿದ ಕೂಡಲೇ ಬೆಂಗಳೂರಿನ ಯಾವುದೋ ಖಾಸಗಿ ಕಾಲೇಜಿನ ಕಡೆ ಮುಖ ಮಾಡ್ತಾನೆ. ಮನೆ, ಮಕ್ಕಳು, ಅತ್ತೆ ಮಾವ ಅಂತ ಊರಲ್ಲೇ ಉಳಿಯುವವಳು ಹೆಂಡತಿ. ನಮ್ಮ ಹಳ್ಳಿಯ ಶಾಲೆಗೆ ಇಪ್ಪತ್ತು ಮೂವತ್ತು ವರ್ಷ ಸಿಗಬಹುದಾದ ಮೇಡಂ ಅವಳು. ಅವಳನ್ನು ಓದಿಸದೆ, ಶಾಲೆಗೆ ಕನ್ನಡ ಮೇಷ್ಟ್ರಿಲ್ಲ ಅಂತ ಅರ್ಜಿ ಹಿಡಿದು ಡಿ.ಇ.ಓ. ಆಫೀಸಿಗೆ ಅಲೆಯೋದು ಯಾವ ನ್ಯಾಯ? 'ವಯಸ್ಸಾಯ್ತು' ಅನ್ನುವವರಿಗೆ, 2025ರ ಡಿ.ಎಸ್.ಸಿ.ಯಲ್ಲಿ ಸಾಮಾನ್ಯ ವರ್ಗಕ್ಕೂ 44 ವರ್ಷದವರೆಗೆ ಅವಕಾಶ ಇತ್ತು. ಮಗು ಶಾಲೆಗೆ ಹೋಗುವಷ್ಟಾದ ಮೇಲೆ ಶುರು ಮಾಡಿದವರಿಗೂ ದಾರಿ ಮುಚ್ಚಿಲ್ಲ.

ಆ ದಂಪತಿಗೆ ನಾನು ಹೇಳಿದ್ದು ಹೀಗೆ. ಇಬ್ಬರಲ್ಲಿ ಯಾರಾದರೂ ಒಬ್ಬರ ಸಂಬಳ ನಡೀತಾ ಇರಬೇಕು, ಈಗ ಅದು ಅವನದು. ಹಾಗಾಗಿ ಹಾಜರಿ ಕೇಳುವ ಬಿ.ಇಡಿ.ಗೆ ಅವಳು ಹೋಗಲಿ. ಆಂಧ್ರದಲ್ಲಾದರೆ ಎಡ್‌ಸೆಟ್ ಬರೆಯಬೇಕು. ಕರ್ನಾಟಕದಲ್ಲಿ ಪದವಿಯ ಅಂಕದ ಮೇಲೆ ಕೇಂದ್ರೀಕೃತ ದಾಖಲಾತಿ, ಅದು ಅವಳಿಗೇ ಅನುಕೂಲ. ತವರಿನ ಹತ್ತಿರ ಸಿಕ್ಕಿದರೆ ಹಾಸ್ಟೆಲ್ ಖರ್ಚೂ ಉಳಿಯುತ್ತೆ. ಅವನು ಅದೇ ಎರಡು ವರ್ಷದಲ್ಲಿ ಕೆಲಸ ಬಿಡದೆ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮಾಡಲಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಕಲಿಕಾ ಕೇಂದ್ರ ಕರ್ನಾಟಕದೊಳಗೇ ಇರೋದರಿಂದ ತರಗತಿಗೂ ಪರೀಕ್ಷೆಗೂ ಗಡಿ ದಾಟಿಯೇ ಹೋಗಬೇಕು. ಅದರ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂದಕ್ಕೆ ಪಡೆದು 2018ರಲ್ಲಿ ಮತ್ತೆ ಕೊಟ್ಟ ಕಥೆ ಎಲ್ಲರಿಗೂ ಗೊತ್ತಿದೆ. ಯಾವ ಮುಕ್ತ ವಿ.ವಿ. ಆದರೂ ಸೇರುವ ವರ್ಷದ ಯುಜಿಸಿ ಪಟ್ಟಿ ನೋಡಿಯೇ ಶುಲ್ಕ ಕಟ್ಟಬೇಕು. ಎರಡು ವರ್ಷ ಆದ ಮೇಲೆ ಅದಲು ಬದಲು. ಅವನು ಬಿ.ಇಡಿ.ಗೆ, ಅವಳು ಎಂ.ಎ.ಗೆ, ಅಷ್ಟರಲ್ಲಿ ಅವಳಿಗೆ ಎಲ್ಲಾದರೂ ಪಾಠ ಹೇಳುವ ಕೆಲಸ ಸಿಕ್ಕಿರುತ್ತೆ. ಎಂಟು ವರ್ಷದ ಓದು ನಾಲ್ಕೇ ವರ್ಷದಲ್ಲಿ ಇಬ್ಬರದೂ ಮುಗಿಯಿತು. ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಸಂಶೋಧನೆ ಎಲ್ಲಾ ಅದರ ಮೇಲಿನ ಮಾತು.

ಹುಡುಗ ಕೂಡಲೇ ಒಪ್ಪಿದ. ಅವನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಕೇಳಿದರು: "ನೋಮಿನ ದಿನ ಬರ್ತಾಳೆ ತಾನೆ?" ಬರ್ತಾಳೆ ಕಣಮ್ಮ ಅಂದೆ, ಪರೀಕ್ಷೆ ಇಲ್ಲದಿದ್ದರೆ. ಪರೀಕ್ಷೆ ಇದ್ದರೆ ಕಜ್ಜಾಯ ಅವಳ ಹಾಸ್ಟೆಲ್ಲಿಗೆ ಹೋಗಲಿ, ಹದವಾಗಿ ಮಾಡಿದ ಕಜ್ಜಾಯ ಹದಿನೈದು ದಿನ ಕೆಡೋದಿಲ್ಲ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾವ ಮಾತ್ರ ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕು ಅಂತೇನೂ ಇಲ್ಲ, ಶುಲ್ಕ ಅವರು ಕಟ್ಟೋದಿಲ್ಲ.

ಇನ್ನೊಂದು ಕೆಲಸ ನಮ್ಮ ಶಾಲೆಗಳಿಂದ ಆಗಬೇಕು. ಹಳೆಯ ವಿದ್ಯಾರ್ಥಿಗಳ ಪಟ್ಟಿ ಎಲ್ಲಾ ಶಾಲೆಯಲ್ಲೂ ಇದೆ. ಅದರಲ್ಲಿ ಕೆಲಸದಲ್ಲಿರುವವರ, ದೊಡ್ಡ ಊರು ಸೇರಿದವರ ಹೆಸರು ಮೊದಲು ಬರುತ್ತೆ, ವಾರ್ಷಿಕೋತ್ಸವಕ್ಕೆ ಕರೆಯೋದೂ ಅವರನ್ನೇ. ಡಿಗ್ರಿ ಮುಗಿಸಿ ಮದುವೆಯಾಗಿ ಊರಲ್ಲೇ ಇರುವ, ಇಲ್ಲಾ ನಮ್ಮೂರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳ ಪಟ್ಟಿ ಎಲ್ಲೂ ಇಲ್ಲ. ಯಾರು ಕನ್ನಡ ಓದಿದ್ದಾರೆ, ಯಾವ ವರ್ಷ ಡಿಗ್ರಿ, ಎಷ್ಟು ಅಂಕ, ಸರ್ಟಿಫಿಕೇಟು ಕೈಯಲ್ಲಿದೆಯೋ ಕಾಲೇಜಿನಲ್ಲೇ ಉಳಿದಿದೆಯೋ, ಎಸ್ಸೆಸ್ಸೆಲ್ಸಿ ಎಲ್ಲಿ ಮಾಡಿದ್ದು ಅನ್ನುವ ಐದು ಕಾಲಂ ಸಾಕು. ನಮ್ಮಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದ್ದೀವಿ, ಇವತ್ತಿಗೆ ಹದಿನಾಲ್ಕು ಹೆಸರಾಗಿದೆ. ರೊಳ್ಳ, ಅಗಳಿ, ಗುಡಿಬಂಡೆ, ಡಿ. ಹಿರೇಹಾಳ್ ಕಡೆಯ ಮೇಷ್ಟ್ರುಗಳು ನಿಮ್ಮ ನಿಮ್ಮ ಊರಿನದನ್ನೂ ಬರೆದಿಡಿ. ದೀಪಾವಳಿಗೆ ತವರಿಗೆ ಬಂದವರೂ ಸಿಗ್ತಾರೆ, ಆಗ ಕೇಳೋದು ಸುಲಭ.